ಕೈ ಮುಟ್ಟದ ಚೆಂಡು

ಹದಿನಾರು ಕೋಟೆಗಳಿದ್ದ ಒಂದು ದೇಶವಿತ್ತಂತೆ. ಒಂದೊಂದು ಕೋಟೆಗೂ ಇಪ್ಪತ್ತಿಪ್ಪತ್ತು ಹೆಣ್ಣುಮಕ್ಕಳ ಕಾವಲು. ಬೇಸಿಗೆ ಮುಗಿಯುವಾಗ ಹೊರಟರೆ ಮತ್ತೆ ಬೇಸಿಗೆ ಹುಟ್ಟುವವರೆಗೂ ಅವರು ಕಾದಾಡುತ್ತಲೇ ಇರಬೇಕು. ಪ್ರತಿ ಕೋಟೆಯೊಡನೆ ಎರಡು ಸಲ, ಒಮ್ಮೆ ತಮ್ಮಲ್ಲಿ, ಒಮ್ಮೆ ಅವರಲ್ಲಿ. ಮೂವತ್ತು ಕಾಳಗ ಮುಗಿದ ಮೇಲೆ ಪಟ್ಟಿಯ ಕಟ್ಟಕಡೆಗೆ ಬಿದ್ದ ಎರಡು ಕೋಟೆಯವರನ್ನು ಕೆಳಲೋಕಕ್ಕೆ ತಳ್ಳಿಬಿಡುತ್ತಿದ್ದರು. ಕೆಳಲೋಕದಲ್ಲಿ ರಾಕ್ಷಸರೇನೂ ಇರಲಿಲ್ಲ. ಅಲ್ಲಿಯೂ ಹುಲ್ಲಿತ್ತು, ಚೆಂಡಿತ್ತು, ಹಳೇ ಬಸ್ಸಿತ್ತು. ಅಲ್ಲಿಗೆ ಹೋದವರ ಹೆಸರನ್ನು ಮಾತ್ರ ಮತ್ತೆ ಯಾರೂ ಎತ್ತುತ್ತಿರಲಿಲ್ಲ, ಅಷ್ಟೇ.

ಆ ಹದಿನಾರರಲ್ಲಿ ಎಲ್ಲಕ್ಕಿಂತ ಚಿಕ್ಕದು ಮೊಂತಾರ್ಬ. ಅರಗೋನ್ ಸೀಮೆಯ ಬೋಳುಗುಡ್ಡವೊಂದರ ಬುಡದಲ್ಲಿ, ವರ್ಷದ ಮುಕ್ಕಾಲು ಪಾಲು ಬಡಗಣ ಗಾಳಿಗೆ ಬೆನ್ನು ಕೊಟ್ಟು ನಿಂತ ಊರು. ಅದರ ಬಾಗಿಲು ಕಾಯುತ್ತಿದ್ದವಳು ಎಂಗ್ರಾಸಿಯಾ. ವಯಸ್ಸು ಮೂವತ್ತಾರು, ತಂಡದ ಹುಡುಗಿಯರ ಬಾಯಲ್ಲಿ ‘ಅಜ್ಜಿ’. ಎಡಗೈಯ ಎರಡು ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಅವಳ ಕೈಗಳ ಬಗ್ಗೆ ಇಡೀ ಫುಟ್‌ಬಾಲ್ ಲೀಗಿನಲ್ಲಿ ಎರಡು ಮಾತಿರಲಿಲ್ಲ. ಕಾಲುಗಳ ಬಗ್ಗೆಯೂ ಎರಡು ಮಾತಿರಲಿಲ್ಲ. ಈಗಿನ ಗೋಲ್‌ಕೀಪರ್ ಚೆಂಡನ್ನು ತಡೆದರೆ ಸಾಲದು, ಕಾಲಿನಿಂದ ಆಟ ಶುರು ಮಾಡಿಕೊಡಬೇಕು. ಎಂಗ್ರಾಸಿಯಾಳ ಕಾಲಿಗೆ ಬಂದ ಚೆಂಡು ಹೆಚ್ಚಾಗಿ ಎದುರಾಳಿಯ ಕಾಲಿಗೇ ಹೋಗಿ ಸೇರುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಗಾಳಿಮಾತೆಯ ಪುಟ್ಟ ಇಗರ್ಜಿ. ಆ ತಾಯಿಗೆ ಮೇಣದಬತ್ತಿಯನ್ನೋ ಹೂವನ್ನೋ ಹರಕೆ ಹೊರುವಂತಿಲ್ಲ. ಯಾರಿಗೆ ಏನು ಕೈಲಾಗದೋ ಅದನ್ನೇ ಹೊರಬೇಕು. ರಾಗವೇ ಬಾರದ ಬೇಕರಿಯವನು ಮಗ ಬದುಕಿದನೆಂದು ಅಲ್ಲಿ ಮೂರು ದಿನ ಹಾಡಿದ್ದ; ಕೇಳಿದವರಿಗೆ ಅದು ಇನ್ನೂ ನೆನಪಿದೆ. ಎತ್ತರ ಕಂಡರೆ ನಡುಗುವ ಅಂಚೆಯವಳು ಗಂಟೆಯ ಗೋಪುರ ಹತ್ತಿದ್ದಳು. ಒಂದು ತಿಂಗಳು ಮಾತಾಡುವುದಿಲ್ಲವೆಂದು ಹರಕೆ ಹೊತ್ತು ಇಪ್ಪತ್ತನೇ ದಿನಕ್ಕೆ ಬಾಯಿಬಿಟ್ಟ ವಾಚಾಳಿ ಕುರಿಯವನ ಕಥೆಯನ್ನು ಮಾತ್ರ ಊರಿನವರು ದನಿ ತಗ್ಗಿಸಿ ಹೇಳುತ್ತಾರೆ. ಕಾಯಿಲೆಯಿಂದ ಉಳಿದಿದ್ದ ಅವನ ಮರಿಗಳೆಲ್ಲ ಒಂದೇ ವಾರದಲ್ಲಿ ಹೋದವಂತೆ. ಹರಕೆ ತೀರದಿದ್ದರೆ ಗಾಳಿ ತಾನು ಕೊಟ್ಟದ್ದನ್ನು ತಾನೇ ಒಯ್ಯುತ್ತದೆ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ರಾಜಧಾನಿಯ ದೊಡ್ಡ ತಂಡ ಮೊಂತಾರ್ಬದ ನೆಲದಲ್ಲೇ ಮೊಂತಾರ್ಬಕ್ಕೆ ಏಳು ಗೋಲು ಹೊಡೆದು ಹೋಯಿತು. ಅದರಲ್ಲಿ ಎರಡು ಎಂಗ್ರಾಸಿಯಾಳ ಕಾಲಿನಿಂದಲೇ ಹೊರಟವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಬೂಟು ಬಿಚ್ಚಿರಲಿಲ್ಲ. ತರಬೇತುದಾರ ಎಲಾದಿಯೊ, ಎಲ್ಲರೂ ಕರೆಯುವಂತೆ ‘ಮಿಸ್ಟರ್’, ಗೋಡೆಗೆ ಒರಗಿ ನಿಂತಿದ್ದ.

“ಎಂಗ್ರಾಸಿಯಾ, ನಾನು ಬೈಯೋದಿಲ್ಲ. ಬೈದು ಬೈದು ನನಗೇ ಸುಸ್ತಾಗಿದೆ.”

“ನನಗೂ ಸುಸ್ತಾಗಿದೆ, ಮಿಸ್ಟರ್.”

“ಅಜ್ಜಿ ಕಾಲಿಗೆ ಕನ್ನಡಕ ಹಾಕಿಸಬೇಕು” ಎಂದಳು ಇರಾಚೆ, ಬೆಂಚಿನಲ್ಲಿ ಕೂರುವ ಎರಡನೇ ಗೋಲ್‌ಕೀಪರ್. ಇಪ್ಪತ್ತರ ಹುಡುಗಿ, ಚೆಂಡನ್ನು ಪಾದದಿಂದ ಎಲ್ಲಿ ಹೇಳಿದರೆ ಅಲ್ಲಿ ಇಡುತ್ತಿದ್ದಳು. ಯಾರೋ ನಕ್ಕರು. ಎಂಗ್ರಾಸಿಯಾಳಿಗೂ ನಗು ಬಂತು. ನಗುತ್ತಲೇ ಬಾಯಿಂದ ಆ ಮಾತು ಬಿತ್ತು.

“ಈ ಸಲ ನಾವು ಲೀಗಿನಲ್ಲಿ ಉಳಿದುಕೊಂಡ್ರೆ, ಮೊಂತಾರ್ಬದ ಗೋಲ್‌ಕೀಪರ್ ಆಗಿ ಗಾಳಿಮಾತೆಗೆ ಹೇಳ್ತಿದೀನಿ: ಒಂದು ಚೆಂಡನ್ನ ಬರೀ ಕಾಲಲ್ಲೇ ಗುಡ್ಡ ಹತ್ತಿಸ್ತೀನಿ.”

ಮೂಲೆಯಲ್ಲಿ ಕೊಳೆ ಕಾಲುಚೀಲಗಳನ್ನು ಬುಟ್ಟಿಗೆ ತುಂಬುತ್ತಿದ್ದ ಒರೋಸಿಯಾ ತಲೆ ಎತ್ತಿದಳು. ಮೂವತ್ತು ವರ್ಷದಿಂದ ಕ್ಲಬ್ಬಿನ ಬಟ್ಟೆ ಒಗೆಯುವ, ಕ್ಲಬ್ಬಿನದೂ ಇಗರ್ಜಿಯದೂ ಬೀಗದಕೈ ಒಂದೇ ಗೊಂಚಲಲ್ಲಿ ಇಟ್ಟುಕೊಂಡ ಮುದುಕಿ. ಊರಿಗೆಲ್ಲ ಅವಳು ಚಿಕ್ಕಮ್ಮ.

“ಎಲ್ಲಿಂದ?” ಎಂದಳು.

“ಮೈದಾನದ ನಡುವಿನ ಚುಕ್ಕಿಯಿಂದ.”

“ಎಲ್ಲಿವರೆಗೆ?”

“ಹೊಸ್ತಿಲ ಒಳಗೆ.”

“ಕೈ ತಾಗಿದ್ರೆ?”

ಎಂಗ್ರಾಸಿಯಾ ಸ್ವಲ್ಪ ಹೊತ್ತು ತನ್ನ ಸೊಟ್ಟ ಬೆರಳು ನೋಡಿಕೊಂಡಳು. “ಮತ್ತೆ ಚುಕ್ಕಿಯಿಂದ.”

“ತಾಯಿ ಕೇಳಿಸ್ಕೊಂಡ್ಳು” ಎಂದು ಒರೋಸಿಯಾ ಬುಟ್ಟಿ ಎತ್ತಿಕೊಂಡು ಹೋದಳು.

ಮಾರ್ಚಿನಲ್ಲಿ ಮಿಸ್ಟರ್ ಅವಳನ್ನು ಬೆಂಚಿಗೆ ಕೂರಿಸಿ ಇರಾಚೆಯನ್ನು ಬಾಗಿಲಿಗೆ ನಿಲ್ಲಿಸಿದ. ಆಮೇಲಿನ ದಿನಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಹೋದವು. ಒಂಬತ್ತು ಗಂಟೆಗಳ ಬಸ್ ಪ್ರಯಾಣ, ಡಬ್ಬಿಯಲ್ಲಿ ತಣ್ಣಗಾದ ಮಕರೋನಿ, ಪೆಟ್ರೋಲ್ ಬಂಕಿನ ಕಾಫಿ, ಬೂಟಿನಿಂದ ಉದುರುವ ಕೃತಕ ಹುಲ್ಲಿನ ಕರೀ ರಬ್ಬರ್ ಕಾಳು. ಆಡದಿದ್ದರೂ ಮೊಣಕಾಲಿಗೆ ಐಸ್ ಕಟ್ಟಿಕೊಳ್ಳಬೇಕು. ಪಂದ್ಯಕ್ಕೆ ಮೊದಲು ಇರಾಚೆಗೆ ಚೆಂಡು ಒದ್ದು ಒದ್ದು ಅಭ್ಯಾಸ ಮಾಡಿಸಬೇಕು. “ಅಜ್ಜಿ, ನನ್ನ ಕಡೆಗೆ ಒದಿ, ಪಾರ್ಕಿಂಗ್ ಕಡೆಗಲ್ಲ” ಎಂದು ಅವಳು ಕೂಗುವುದು. ಇವಳು ಬೇಲಿ ದಾಟಿದ ಚೆಂಡು ತರಲು ಹೋಗುವುದು. ಒಂದು ಗೆಲುವು, ಎರಡು ಸೋಲು, ಒಂದು ಡ್ರಾ. ದೂರದ ದ್ವೀಪವೊಂದರ ತಂಡದ ಮೇಲೆ ಕೊನೆಯ ನಿಮಿಷದ ಡ್ರಾ ಸಿಕ್ಕಿದ ದಿನ ವಿಮಾನ ನಿಲ್ದಾಣದ ನೆಲದ ಮೇಲೆ ಸಾಲಾಗಿ ಮಲಗಿದ್ದ ಹುಡುಗಿಯರನ್ನು ಕಂಡು, ಇಷ್ಟು ದಣಿದವರಿಗೆ ಇನ್ನೂ ದಣಿಯಲು ಅವಕಾಶ ಸಿಗಲಿ ಎಂದು ಬೇಡುವುದು ಎಂಥ ಹರಕೆ ಅನ್ನಿಸಿತು ಅವಳಿಗೆ.

ಮೂವತ್ತನೇ ಪಂದ್ಯ ಊರಲ್ಲೇ. ಎಪ್ಪತ್ತನೇ ನಿಮಿಷದಲ್ಲಿ ಇರಾಚೆ ತನ್ನ ಗೋಲಿನ ಮುಂದೆ ನಿಂತು ಎಡಗಾಲಿನಿಂದ ಒಂದು ಉದ್ದನೆಯ ಪಾಸ್ ಕೊಟ್ಟಳು. ಚೆಂಡು ಗಾಳಿಯ ಬೆನ್ನೇರಿ ಅರ್ಧ ಮೈದಾನ ದಾಟಿತು, ಮುಂದಿದ್ದವಳು ಅದನ್ನು ಬಲೆಗೆ ಮುಟ್ಟಿಸಿದಳು. ಅದೊಂದೇ ಗೋಲು. ಮೊಂತಾರ್ಬ ಹದಿನಾಲ್ಕನೆಯದಾಗಿ ಉಳಿಯಿತು. ಎಲ್ಲರೂ ಬೆಂಚಿನಿಂದ ಜಿಗಿದು ಓಡಿದರು. ಎಂಗ್ರಾಸಿಯಾ ಏಳಲು ಹೋದಳು, ಮೊಣಕಾಲು ಹಿಡಿದುಕೊಂಡಿತ್ತು. ಕೂತಲ್ಲೇ ಚಪ್ಪಾಳೆ ತಟ್ಟಿದಳು.

ಅದಾದ ನಾಲ್ಕನೇ ದಿನ ಮಿಸ್ಟರ್ ಕಾಫಿಗೆ ಕರೆದ. ಸಕ್ಕರೆ ಹಾಕದ ಕಾಫಿಯನ್ನು ಬಹಳ ಹೊತ್ತು ಕಲಕಿದ.

“ಹೇಳಿಬಿಡಿ” ಎಂದಳು.

“ಮುಂದಿನ ವರ್ಷಕ್ಕೆ ಕಾಲಲ್ಲಿ ಆಡೋ ಇನ್ನೊಬ್ಬ ಗೋಲ್‌ಕೀಪರ್ ಬರ್ತಿದಾಳೆ.”

“ಒಳ್ಳೇದು. ಕಾಲು ಬೇಕು.”

ಎಂಗ್ರಾಸಿಯಾಳ ಒಪ್ಪಂದ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಹುಡುಗಿಯರು ಸೂಟ್‌ಕೇಸ್ ಎಳೆದುಕೊಂಡು ಒಬ್ಬೊಬ್ಬರಾಗಿ ಊರುಬಿಟ್ಟರು. ಎಂಗ್ರಾಸಿಯಾ ಕೈಗವಸುಗಳನ್ನು ಹಿಂದಿರುಗಿಸಲು ಒರೋಸಿಯಾಳ ಒಗೆಯುವ ಕೋಣೆಗೆ ಹೋದಳು.

“ಚಿಕ್ಕಮ್ಮ, ಉಳಿಸಿದ್ದು ಇರಾಚೆ ಕಾಲು. ನಾನು ಬೆಂಚಿನಲ್ಲಿದ್ದೆ. ಈಗ ತಂಡವೂ ನಂದಲ್ಲ. ಆ ಹರಕೆ ಬಿಟ್ಟುಬಿಡ್ಲಾ?”

“ಹೊತ್ತೋಳು ಯಾರು?”

“ನಾನು.”

“ನೀನಲ್ಲ ಕಣೇ. ಮೊಂತಾರ್ಬದ ಗೋಲ್‌ಕೀಪರ್. ಜುಲೈ ಒಂದಕ್ಕೆ ನೀನ್ಯಾರು?”

“ಯಾರೂ ಅಲ್ಲ.”

“ಹಂಗಾದ್ರೆ ಅಷ್ಟರೊಳಗೆ ತೀರಿಸು. ಇಲ್ದಿದ್ರೆ ಇರಾಚೆ ಮಗು ಮೇಲೆ ಬೀಳುತ್ತೆ. ಮುಂದಿನ ವರ್ಷ ಬಾಗಿಲಲ್ಲಿ ನಿಲ್ಲೋಳು ಅವಳು ತಾನೆ?”

ಎಂಗ್ರಾಸಿಯಾ ಇದನ್ನೆಲ್ಲ ನಂಬುತ್ತಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ. ಆದರೆ ತನ್ನ ಹಿಂದಿರುವುದನ್ನು ಕಾಯುವುದನ್ನು ಬಿಟ್ಟು ಹದಿನೆಂಟು ವರ್ಷದಲ್ಲಿ ಬೇರೇನೂ ಕಲಿತಿರಲಿಲ್ಲ. ಒರೋಸಿಯಾ ಕಪಾಟಿನಿಂದ ಒಂದು ಹಳೇ ಚೆಂಡು ತೆಗೆದು ನೆಲದ ಮೇಲೆ ಉರುಳಿಸಿದಳು.

ಜೂನ್ ಇಪ್ಪತ್ತಾರರ ಮುಂಜಾನೆ ಚುಕ್ಕಿಯಿಂದ ಹೊರಟಳು. ಆರು ಕಿಲೋಮೀಟರ್ ದಾರಿ. ಮೊದಲ ಎರಡು ಕಿಲೋಮೀಟರ್ ಊರೊಳಗೆ, ಉಳಿದದ್ದು ಕಲ್ಲು ಮತ್ತು ಏರು. ಚೆಂಡು ಬೂಟಿನ ತುದಿಗೆ ತಗುಲಿ ಓಡಿಹೋಗುವುದು, ಚರಂಡಿಗೆ ಬೀಳುವುದು, ಅಲ್ಲಿಂದ ಕಾಲಲ್ಲೇ ಎಬ್ಬಿಸಬೇಕು. ಬೇಕರಿಯ ಮುಂದೆ ಇಬ್ಬರು ಹೆಂಗಸರು ರೊಟ್ಟಿ ಹಿಡಿದು ನಿಂತರು.

“ಒಂದು ವಾರದೊಳಗೆ ತಲುಪ್ತೀಯಾ?” ಎಂದಳು ಒಬ್ಬಳು.

“ರೊಟ್ಟಿ ಒಣಗೋದ್ರೊಳಗೆ” ಎಂದಳು ಇವಳು.

ಹನ್ನೊಂದು ಗಂಟೆಗೆ ಅರ್ಧ ಗುಡ್ಡ ಹತ್ತಿದ್ದಳು. ಅಲ್ಲಿ ಗಾಳಿ ಒಮ್ಮೆಲೇ ಚೆಂಡನ್ನು ಮೇಲಿಂದ ಅವಳ ಕಡೆಗೆ ಎಸೆಯಿತು. ಯೋಚನೆಗೆ ಸಮಯವಿರಲಿಲ್ಲ. ಮಂಡಿಯೂರಿ, ಎರಡು ಕೈಯಿಂದ ಎದೆಗಪ್ಪಿ ಹಿಡಿದಳು. ಬಹಳ ಚಂದದ ಹಿಡಿತ. ಹಿಡಿದ ಮೇಲೆ ನೆನಪಾಯಿತು.

ಇಪ್ಪತ್ತೆಂಟರಂದು ಇನ್ನೂ ಮೇಲೆ, ಇಗರ್ಜಿಯ ಗೋಪುರ ಕಾಣುವ ತಿರುವಿನಲ್ಲಿ, ಮತ್ತೆ ಹಾಗೆಯೇ. ಈ ಸಲ ಒಂದೇ ಕೈ, ಸೊಟ್ಟ ಬೆರಳಿನ ಎಡಗೈ, ತಾನೇ ಚಾಚಿಕೊಂಡು ಹೋಯಿತು. ಅವಳು ಚೆಂಡಿನ ಪಕ್ಕ ಕಲ್ಲಿನ ಮೇಲೆ ಕೂತು ನೀರು ಕುಡಿದಳು. ಬಯ್ಯಲು ಯಾರೂ ಇರಲಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. ಈಗ ಕೈ ತಾಗಿದರೇನು?

ಮೂವತ್ತರ ಬೆಳಿಗ್ಗೆ ಮೈದಾನಕ್ಕೆ ಬಂದಾಗ ನಡುವಿನ ಚುಕ್ಕಿಯ ಹತ್ತಿರ ಇರಾಚೆ ಕೂತಿದ್ದಳು. ತೊಡೆಯ ಮೇಲೆ ಚೆರ್ರಿ ಹಣ್ಣಿನ ಚೀಲ. ಬೀಜವನ್ನು ಹುಲ್ಲಿಗೆ ಉಗುಳುತ್ತಿದ್ದಳು.

“ನೀನು ಮನೆಗೆ ಹೋಗಿದ್ದೆಯಲ್ಲೇ?”

“ಒರೋಸಿಯಾ ಚಿಕ್ಕಮ್ಮ ಫೋನ್ ಮಾಡಿ ಬೈದ್ಳು. ನಿನ್ನ ಹರಕೆ ನನ್ನ ತಲೆ ಮೇಲೆ ಬರುತ್ತಂತೆ. ಬಸ್ಸು ಹತ್ತಿ ಬಂದೆ, ಅಜ್ಜಿ. ನಡಿ.”

ಇರಾಚೆ ಪಕ್ಕದಲ್ಲಿ ನಡೆದಳು, ಚೆಂಡು ಮುಟ್ಟಲಿಲ್ಲ. “ತುದಿಯಲ್ಲಿ ಒದೀಬೇಡ. ಒಳಪಾದ. ಹಂಗಲ್ಲ, ಬಾಗಿಲು ಮೆಲ್ಲಗೆ ತಳ್ತೀವಲ್ಲ, ಹಂಗೆ. ಅಯ್ಯೋ, ಯಾರ ಬಾಗಿಲು ಮುರಿತಿದೀಯ?” ಎರಡನೇ ಕಿಲೋಮೀಟರಿನಲ್ಲಿ ಬಯ್ಯುವುದು ಕಡಿಮೆಯಾಯಿತು. ಮೂರನೆಯದರಲ್ಲಿ ಏರು ಶುರುವಾಯಿತು. ಬಿಸಿಲು ಏರಿತು. ಎಂಗ್ರಾಸಿಯಾಳ ಮೊಣಕಾಲು ಪ್ರತಿ ಹೆಜ್ಜೆಗೂ ಒಂದು ಸಣ್ಣ ಸದ್ದು ಮಾಡುತ್ತಿತ್ತು.

“ಇರಾಚೆ.”

“ಹ್ಞೂಂ.”

“ನನ್ನ ಕೈ ನನ್ನ ಮಾತು ಕೇಳಲ್ಲ ಕಣೇ. ಮೇಲಿಂದ ಚೆಂಡು ಬಂದ್ರೆ ತಾನೇ ಹೋಗಿಬಿಡುತ್ತೆ. ಎರಡು ಸಲ ಹೋಯ್ತು.”

ಇರಾಚೆ ನಿಂತಳು. ಬೀಜ ಉಗುಳಿದಳು. “ಖಾಲಿ ಇದ್ರೆ ತಾನೇ ಹೋಗೋದು? ಕೈ ಕೊಡು.” ಚೀಲದಿಂದ ಹಣ್ಣು ತೆಗೆದು ಅವಳ ಎರಡೂ ಅಂಗೈಗೆ ತುಂಬಿದಳು. “ಮುಚ್ಚು. ಮೇಲೆ ಹೋಗೋವರೆಗೂ ಇದನ್ನ ಕಾಯಿ. ಒಂದು ಬಿದ್ರೂ ನೋಡು, ಚೀಲದಲ್ಲಿ ಉಳಿದಿರೋದು ಇಷ್ಟೇ.”

ಎಂಗ್ರಾಸಿಯಾ ಎರಡು ಮುಷ್ಟಿ ಬಿಗಿಹಿಡಿದು, ಮಗುವಿನ ಹಾಗೆ ಮೊಣಕೈ ಅಗಲಿಸಿಕೊಂಡು, ಚೆಂಡು ತಳ್ಳುತ್ತ ಹತ್ತಿದಳು. ಕೈಗೆ ಕಾಯಲು ಏನೋ ಸಿಕ್ಕಿದ್ದಕ್ಕೆ ಕಾಲಿಗೆ ತನ್ನ ಪಾಡಿಗೆ ತಾನು ನಡೆಯಲು ಬಿಡುವು ಸಿಕ್ಕಿದಂತಾಯಿತು. ಗೋಪುರದ ತಿರುವು ದಾಟಿತು. ಕೊನೆಗೆ ಹದಿನೇಳು ಕಲ್ಲು ಮೆಟ್ಟಿಲು. ಮೇಲೆ ಒರೋಸಿಯಾ ಇಗರ್ಜಿಯ ಎರಡೂ ಕದ ತೆರೆದು, ಬೀಗದಕೈ ಗೊಂಚಲು ಹಿಡಿದು ನಿಂತಿದ್ದಳು. ನಸುಕಿನಲ್ಲೇ ಕತ್ತೆದಾರಿ ಹಿಡಿದು ಬಂದಿದ್ದಳಂತೆ.

“ಊಟದ ಹೊತ್ತು ಮೀರ್ತಿದೆ!” ಎಂದು ಕೂಗಿದಳು.

ಒಂದೊಂದು ಮೆಟ್ಟಿಲಿಗೂ ಚೆಂಡನ್ನು ಪಾದದ ಮೇಲೆ ಎತ್ತಿ ಇಡಬೇಕು. ಬೀಳುತ್ತದೆ, ಇಳಿದು ತರಬೇಕು. ಐದನೆಯದು, ಒಂಬತ್ತನೆಯದು. ಹದಿನಾಲ್ಕನೇ ಮೆಟ್ಟಿಲಿಗೆ ಬಂದಾಗ ಗುಡ್ಡದ ಆಚೆಯಿಂದ ಗಾಳಿ ಎದ್ದಿತು. ಚೆಂಡು ಮೇಲಿನ ಮೆಟ್ಟಿಲಿಗೆ ಬಡಿದು ಪುಟಿದು ನೇರ ಮುಖಕ್ಕೆ ಬಂತು.

“ಕೈ!” ಎಂದು ಇರಾಚೆ ಚೀರಿದಳು.

ಕೈಗಳು ಬಿಗಿದುಕೊಂಡವು. ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ಚೆಂಡು ಮೂಗಿಗೆ ಹೊಡೆದು, ಎದೆಗೆ ಜಾರಿ, ತೊಡೆಗೆ ತಾಗಿ, ಬೂಟಿನ ಮೇಲೆ ನಿಂತಿತು. ಮೂಗಿನಿಂದ ರಕ್ತ ಇಳಿಯಿತು. ಎರಡು ಮುಷ್ಟಿಯ ಸಂದಿಯಿಂದ ಚೆರ್ರಿ ರಸ ಮೊಣಕೈವರೆಗೆ ಹರಿಯಿತು. ಯಾವುದು ಯಾವುದೆಂದು ಗೊತ್ತಾಗುವಂತಿರಲಿಲ್ಲ.

“ತಾಗ್ತಾ?” ಎಂದು ಮೇಲಿನಿಂದ ಒರೋಸಿಯಾ.

“ಇಲ್ಲ, ಚಿಕ್ಕಮ್ಮ!” ಎಂದಳು ಇರಾಚೆ. “ನಾನು ನೋಡ್ತಿದ್ದೆ. ತಾಗಲಿಲ್ಲ.”

ಎಂಗ್ರಾಸಿಯಾ ಬಾಯಿಗೆ ಬಂದ ಉಪ್ಪನ್ನು ನುಂಗಿಕೊಂಡಳು. ಹದಿನೈದು. ಹದಿನಾರು. ಹದಿನೇಳು. ಕೆಳಗೆ ಊರು, ಮೈದಾನ, ಎರಡು ಬಿಳಿ ಗೋಲುಗೂಡು, ಎಲ್ಲ ಬೆಂಕಿಪೆಟ್ಟಿಗೆಯಷ್ಟು. ಅವಳು ಹಿಂದಿರುಗಿ ನೋಡಲಿಲ್ಲ. ಮುಂದೆ ಅಗಲವಾಗಿ ತೆರೆದ ಬಾಗಿಲು. ಹದಿನೆಂಟು ವರ್ಷ ಇಂಥದ್ದೊಂದನ್ನು ಬೆನ್ನಿಗೆ ಇಟ್ಟುಕೊಂಡು ನಿಂತಿದ್ದಳು. ಎದುರಿನಿಂದ ನೋಡಿದರೆ ಅದು ಇಷ್ಟು ದೊಡ್ಡದೆಂದು ಯಾರೂ ಹೇಳಿರಲಿಲ್ಲ.

ಒರೋಸಿಯಾ ಪಕ್ಕಕ್ಕೆ ಸರಿದಳು.

ಎಂಗ್ರಾಸಿಯಾ ಒಳಪಾದದಿಂದ, ಬಾಗಿಲು ಮೆಲ್ಲಗೆ ತಳ್ಳುವ ಹಾಗೆ, ಚೆಂಡನ್ನು ತಳ್ಳಿದಳು. ಅದು ಸೊಟ್ಟಗೆ ಹೊರಟು, ಕದದ ಅಂಚಿಗೆ ತಗುಲಿ, ಹೊಸ್ತಿಲು ದಾಟಿ, ತಣ್ಣನೆಯ ಹಾಸುಗಲ್ಲಿನ ಮೇಲೆ ಉರುಳಿ ಉರುಳಿ ಗಾಳಿಮಾತೆಯ ಕಾಲ ಬಳಿ ನಿಂತಿತು.

ಆಮೇಲೆ ಅವಳು ಮುಷ್ಟಿ ಬಿಚ್ಚಿದಳು.