ಕಂಕಣ ಕಟ್ಟಿದ ಕೈ

“ಯಾವ ಮಾತಲ್ಲಿ ಕೇಳನಪ್ಪಾ ಇವರ್ನ?”

ಪುಟ್ಟಮಾದಪ್ಪ ಯಾರ ಮುಖವನ್ನೂ ನೋಡದೆ ಕೇಳಿದ. ಲೊಕ್ಕನಹಳ್ಳಿಯಿಂದ ಹೊರಟ ಗಾಡಿ ಒಡೆಯರಪಾಳ್ಯದ ಆಚೆ, ಟಿಬೆಟಿನವರು ಬಂದು ನೆಲೆಸಿ ಎರಡೇ ವರ್ಷವಾಗಿದ್ದ ಕ್ಯಾಂಪಿನಲ್ಲಿ ನಿಂತಿತ್ತು. ಒಳಗೆ ಹುಲ್ಲಿನ ಮೇಲೆ ಅವನ ಹೆಂಡತಿ ಸೋಮಮ್ಮ. ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಬಾವು ಗಂಟಲಿಗಿಳಿದು, ಬೆಳಗಿನಿಂದ ಗುಟುಕು ನೀರೂ ಇಳಿದಿರಲಿಲ್ಲ.

“ದನ ಮಾರಾವಾಗ ಟವಲ್ಲೊಳಗೆ ಬೆರಳು ಇಡ್ಕಂಡೇ ಯಾಪಾರ ಮುಗಿಸ್ತೀಯಲ್ಲಣ್ಣ, ಅಂಗೇ ಕೇಳು,” ಎಂದ ಗಾಡಿ ಹೊಡೆದು ತಂದಿದ್ದ ಮಂಟೇಸ್ವಾಮಿ. ಹೇಳಿದವನೂ ನಗಲಿಲ್ಲ.

ಹಲ್ಲುನೋವು ಶುರುವಾಗಿ ಎಂಟು ದಿನ. ಮೊದಲ ದಿನವೇ ಕೀಳಿಸಬಹುದಿತ್ತು. ಆದರೆ ಅದರ ಹಿಂದಿನ ದಿನವಷ್ಟೇ ಸೋಮಮ್ಮನ ಕೈಗೆ ಮಾರಮ್ಮನ ಕಂಕಣ ಕಟ್ಟಿದ್ದರು. ಹೋದ ವರ್ಷ ರಾಗಿ ಹೊಲದಲ್ಲಿ ಆನೆ ಎತ್ತಿ ಒಗೆದು ಪುಟ್ಟಮಾದಪ್ಪ ಹಾಸಿಗೆ ಹಿಡಿದಿದ್ದಾಗ, ಗಂಡ ಎದ್ದು ನಡೆದರೆ ಬಾಯಿಬೀಗ ಹಾಕಿಸಿಕೊಳ್ಳುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಕಂಕಣ ಕಟ್ಟಿದ ಮೇಲೆ, ದೇವಿಯ ಮುಂದೆ ಕೆನ್ನೆಗೆ ಆ ಬೀಗದ ಸರಳು ಚುಚ್ಚುವ ತನಕ, ಬೇರೆ ಕಬ್ಬಿಣ ಮೈಗೆ ತಾಗಬಾರದು, ರಕ್ತ ಬೀಳಬಾರದು. ಅದಕ್ಕೆ ಇನ್ನೂ ನಾಲ್ಕು ದಿನ. ಊತ ಕಂಡ ಅತ್ತೆ, “ಅಮ್ಮ ಆಡ್ತಾವ್ಳೆ,” ಎಂದು ಕೈಮುಗಿದು ಬೇವಿನ ಸೊಪ್ಪು ಕಟ್ಟಿದ್ದಳು.

ಕೊಳ್ಳೇಗಾಲದ ಬಸ್ಸು ಹೊರಟುಹೋಗಿತ್ತು. ನಾಳೆಯವರೆಗೆ ಜೀವ ಹಿಡಿದಿರುತ್ತದೆಂಬ ಧೈರ್ಯ ಯಾರಿಗೂ ಇರಲಿಲ್ಲ. ಕ್ಯಾಂಪಿನಲ್ಲಿ ಹಲ್ಲು ಕೀಳುವವರೊಬ್ಬರಿದ್ದಾರೆಂದು ಯಾರೋ ಹೇಳಿದ್ದರು, ಅಷ್ಟೇ.

ಮಂಟೇಸ್ವಾಮಿ ಸೋಮಮ್ಮನ ಊದಿದ ಕೆನ್ನೆ ತೋರಿಸಿದ್ದೇ, ಒಬ್ಬ ಹೆಂಗಸು ಅವರನ್ನು ಮೂಲೆಯ ಮನೆಗೆ ಕರೆದೊಯ್ದಳು. ಕಿಟಕಿಯ ಬಳಿ ಒಂದು ಕುರ್ಚಿ, ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಇಕ್ಕಳ. ಹಲ್ಲು ಕೀಳುವ ಮುದುಕರೊಬ್ಬರು ತಮ್ಮ ಮಾತಿನಲ್ಲಿ ಏನೋ ಕೇಳಿದರು. ಪುಟ್ಟಮಾದಪ್ಪ ಇನ್ನೇನೋ ಹೇಳಿದ. ಕೊನೆಗೆ ಎಂಟು ಬೆರಳು ಎತ್ತಿದ. ಮುದುಕರು ಅವನ್ನು ಎಣಿಸಿ, ನಾಲಿಗೆ ಲೊಚಗುಟ್ಟಿದರು. ಹಾಡುಗತೆಗಳಲ್ಲಿ ಮಾತು ಬಾರದ ಹಸುವಿನ ಮೊರೆಯೂ ದೇವರಿಗೆ ಮುಟ್ಟುತ್ತದೆ. ಇಲ್ಲಿ ಮುಟ್ಟಬೇಕಾದದ್ದು ಮನುಷ್ಯನಿಗೆ.

ಅವರು ಇಕ್ಕಳ ತೆಗೆದದ್ದೇ ತಡ, ಸೋಮಮ್ಮ ಕಂಕಣದ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮುದುಕರು ಆ ಅರಿಸಿನದ ದಾರವನ್ನು ನೋಡಿದರು. ತಮ್ಮ ಕೊರಳಿನ ಕೆಂಪು ದಾರವನ್ನು ಎತ್ತಿ ತೋರಿಸಿ ಹಣೆಗೊತ್ತಿಕೊಂಡರು. ಆಮೇಲೆ ತಮ್ಮದೇ ಗಂಟಲು ಹಿಡಿದು, ಉಸಿರು ಕಟ್ಟಿದವರಂತೆ ಬಾಯಿ ತೆರೆದು, ಕಿಟಕಿಯಾಚೆ ಇಳಿಯುತ್ತಿದ್ದ ಸೂರ್ಯನತ್ತ ಬೆರಳು ತೋರಿದರು. ಪುಟ್ಟಮಾದಪ್ಪನಿಗೆ ಮಾತು ಬೇಕಾಗಲಿಲ್ಲ.

ಅವನು ಸೋಮಮ್ಮ ಕೂತಿದ್ದ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಬಿಚ್ತೀನಿ ಕಣೇ ಸೋಮಿ. ಅಮ್ಮಂಗೆ ತಪ್ಪುಕಾಣಿಕೆ ಕಟ್ಟಾನ. ಪಾಪ ಬಂದ್ರೆ ನನ್ ತಲೆ ಮ್ಯಾಲೆ ಬರ್ಲಿ.”

ಅವಳು ಅವನ ಕಾಲುಗಳನ್ನು ನೋಡಿದಳು.

“ನೀನೇ ಇಲ್ದಿದ್ರೆ ಈ ಕಾಲ್ನಲ್ಲಿ ನಾನು ನಡ್ದು ಎಲ್ಲಿಗೇ ಓಗ್ಲಿ? ಕೈ ಕೊಡೇ. ನಿನ್ ದಮ್ಮಯ್ಯ.”

ಗಂಟಿಗೆ ಬೆರಳು ಹಾಕಿದ. ಅವಳು ಕೈ ಕಿತ್ತುಕೊಂಡು ಬೆನ್ನ ಹಿಂದೆ ಅಡಗಿಸಿದಳು. ಎರಡು ದಿನದಿಂದ ಬಿಗಿದುಕೊಂಡಿದ್ದ ಬಾಯಿ ಎಳ್ಳಷ್ಟು ತೆರೆಯಿತು.

“ಬುಡಾಕಿಲ್ಲ,” ಎಂದಳು.