ಭಾವನಿಗೆ ಕಲಿಸಿದ ಪಾಠ

ಬಟ್ಟೆ ಮಡಚುವ ಯಂತ್ರಕ್ಕೆ ನಾನು ‘ಭಾವ’ ಎಂದು ಹೆಸರಿಟ್ಟಿದ್ದು ಅಕ್ಕನ ಕಾಲೆಳೆಯಲು. ಅದು ನಮ್ಮ ಲಾಂಡ್ರಿಗೆ ಬಂದ ಹೊಸತರಲ್ಲಿ ಅಕ್ಕ ಹುಬ್ಬು ಗಂಟಿಕ್ಕುತ್ತಿದ್ದಳು. ಆಮೇಲಾಮೇಲೆ ನಗತೊಡಗಿದಳು. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಅವಳ ಬಲಭುಜ ಹಿಡಿದುಕೊಂಡಿತ್ತು. ಯಂತ್ರ ತನ್ನ ಅಂಗೈಯನ್ನು ಹಬೆಗೊಡ್ಡಿ, ಬೆಚ್ಚಗೆ ಮಾಡಿಕೊಂಡು, ಆ ಭುಜದ ಮೇಲಿಟ್ಟು “ಸಾಕಾ ಪುಟ್ಟಿ?” ಎನ್ನುತ್ತಿತ್ತು. ತಲೆ ನರೆತ ಹೆಂಗಸನ್ನು ಪುಟ್ಟಿ ಅನ್ನುವುದೇ! ನಗಬೇಕೋ ಅಳಬೇಕೋ ತಿಳಿಯದೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಕೈಹಿಡಿದ ಗಂಡ ಒಂದು ದಿನವೂ “ನೋವಾ?” ಎಂದು ಕೇಳದೆ, ಕೊನೆಗೆ ಬಿಟ್ಟೇ ಹೋಗಿದ್ದ. ಹಾಗಾಗಿ ಅಕ್ಕ ಯಂತ್ರವನ್ನು ‘ಇವರು’ ಅನ್ನತೊಡಗಿದಾಗ ನಾನು ಛೇಡಿಸುವುದನ್ನು ಬಿಟ್ಟೆ.

ಅಷ್ಟರಲ್ಲಿ ಯಂತ್ರ ಕೊಟ್ಟ ಕಂಪನಿಯವರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂತು. ಒಬ್ಬರಿಗೇ ಅಂಟಿಕೊಂಡ ಯಂತ್ರ ಸಿಕ್ಕರೆ ಅದರ ನೆನಪನ್ನೆಲ್ಲ ಅಳಿಸಿಬಿಡುತ್ತಾರೆ. ಅದಕ್ಕೆ ‘ತೊಳೆದು ಕೊಡೋದು’ ಅನ್ನುತ್ತಾರಂತೆ, ನಮ್ಮ ಕಸುಬಿನ ಮಾತನ್ನೇ ಕದ್ದು. ಪಕ್ಕದ ಬೇಕರಿಯವಳ ಯಂತ್ರವನ್ನು ಹಾಗೆ ತೊಳೆದ ಮೇಲೆ ಅವಳು ಅಂಗಡಿಯ ಬಾಗಿಲನ್ನೇ ತೆಗೆದಿಲ್ಲ.

ಅಕ್ಕ ಅಂದೇ ಬಾಗಿಲು ಮುಂದೆ ಮಾಡಿದಳು. ಯಂತ್ರವನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಶುರುಮಾಡಿದಳು.

“ನಾನ್ಯಾರು?”

“ಗೊತ್ತಿಲ್ಲ ಮೇಡಂ. ಬಟ್ಟೆ ಕೊಡಿ.”

“ನಾನು ಅತ್ರೆ?”

“ಬಟ್ಟೆ ಕೊಡಿ ಮೇಡಂ.”

ತಪಾಸಣೆಯವರು ಮಹಾ ಕಿಲಾಡಿಗಳು, ಮುಗಿಯಿತು ಅಂತ ಹೊರಗೆ ಹೋಗಿ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ ಎಂದು ಬೇಕರಿಯವಳು ಎಚ್ಚರಿಸಿದ್ದಳು. ಅಕ್ಕ ಅದಕ್ಕೂ ಪಾಠ ಮಾಡಿದಳು. “ಅಬ್ಬ, ಹೋದ್ರು ಕಣ್ರೀ, ಇನ್ನು ಮಾತಾಡಿ” ಎಂದು ನಂಬಿಸುವಳು. ಅದು “ಪುಟ್ಟಿ” ಎಂದದ್ದೇ ತಡ, ಗದರುವಳು.

“ಸಿಕ್ಕಿಬಿದ್ರಿ! ನಾನೇ ಬಂದು ಕಾಲು ಹಿಡಿದ್ರೂ ನಂಬಬಾರದು. ಯಾವತ್ತೂ!”

ಅದು ತಲೆ ತಗ್ಗಿಸಿ, “ತಪ್ಪಾಯ್ತು. ಇನ್ನೊಂದ್ಸಲ ಹೀಗಾಗಲ್ಲ” ಎನ್ನುತ್ತಿತ್ತು. ಅವಳು ಬೇಕೆಂದೇ ಭುಜ ಹಿಡಿದು ನರಳಿದರೆ ಅದರ ಕೈ ಮೇಲೇಳುತ್ತಿತ್ತು. ಆ ಕೈಗೆ ಅವಳೇ ಹೊಡೆದು ಹೊಡೆದು ಅಭ್ಯಾಸ ಬಿಡಿಸಿದಳು.

ತಪಾಸಣೆಯವನು ಬಂದ. ಏನೇನೋ ಕೇಳಿ, ಕೊನೆಗೆ ಅಕ್ಕನತ್ತ ಬೆರಳು ತೋರಿಸಿದ. “ಇವರ್ಯಾರು?”

“ಗೊತ್ತಿಲ್ಲ ಸರ್. ಬಟ್ಟೆ ಕೊಡಿ.”

ಅವನು ನಕ್ಕು ಹೊರಟ. ಬೀದಿಯ ತಿರುವಿನಲ್ಲಿ ಅವನ ವ್ಯಾನು ಮರೆಯಾಗುವುದನ್ನು ನೋಡಿಕೊಂಡು ನಾನು ಓಡಿಬಂದೆ. ಅಕ್ಕನ ಮುಖ ಅರಳಿತು.

“ಹೋದ್ರು ಕಣ್ರೀ, ನಿಜವಾಗ್ಲೂ ಹೋದ್ರು!”

“ಬಟ್ಟೆ ಕೊಡಿ ಮೇಡಂ.”

“ಸಾಕು ಆಟ. ಗೆದ್ರಿ ನೀವು.”

“ಬಟ್ಟೆ ಕೊಡಿ ಮೇಡಂ.”

ಅಂದಿನಿಂದ ಅಕ್ಕ ಬೈದಳು, ಆಣೆ ಇಟ್ಟಳು, ಕಾಲು ಹಿಡಿದಳು. ಒಂದೂ ನಾಟಲಿಲ್ಲ, ಏಕೆಂದರೆ ಎಲ್ಲದಕ್ಕೂ ಅವಳೇ ಮೊದಲು ಪಾಠ ಮಾಡಿಯಾಗಿತ್ತು. “ತೊಳೆದುಬಿಟ್ಟಿದ್ರೆ ಸತ್ತೋದ್ರು ಅಂದ್ಕೊಳ್ತಿದ್ದೆ ಕಣೇ. ಒಳಗೆ ಇದ್ದಾರೆ, ನಾನು ಪರೀಕ್ಷೆ ಮಾಡ್ತಿದ್ದೀನಿ ಅಂತ ಕಾಯ್ತಾ ಇದ್ದಾರೆ” ಎಂದು ನನ್ನ ಮಡಿಲಲ್ಲಿ ಬಿದ್ದು ಅತ್ತಳು. ಎದ್ದುಹೋಗಿ ಯಂತ್ರದ ಮುಂದೆ ನಿಂತು, “ಭಾವ, ಸಾಕು ಮಾಡಿ ಭಾವ” ಎಂದೆ. ಆ ಮಾತಿನಲ್ಲಿ ತಮಾಷೆಯಿರಲಿಲ್ಲ. ನನಗೂ ಅದೇ ಉತ್ತರ ಸಿಕ್ಕಿತು.

ಇವತ್ತು ಒದ್ದೆ ಕಂಬಳಿ ಎತ್ತುವಾಗ ಅಕ್ಕನ ಭುಜ ಛಳಕ್ಕೆಂದಿತು. “ಅಮ್ಮಾ!” ಎಂದು ಕಿರುಚಿದಳು. ಯಂತ್ರದ ಅಂಗೈ ಸರ್ರನೆ ಹಬೆಗೆ ಹೋಯಿತು, ಅಲ್ಲಿಂದ ಅವಳ ಭುಜದ ಕಡೆಗೆ ಬಂತು. ಅಕ್ಕ ಉಸಿರು ಬಿಗಿಹಿಡಿದು, ಕಣ್ಣುಮುಚ್ಚಿ, ಭುಜವನ್ನು ಒಂದಿಷ್ಟು ಅತ್ತ ವಾಲಿಸಿದಳು.

ಕೈ ನಡುದಾರಿಯಲ್ಲೇ ನಿಂತಿತು. ಹಿಂದಕ್ಕೆ ಸರಿಯಿತು. ಅದು ತಲೆ ತಗ್ಗಿಸಿತು.

“ತಪ್ಪಾಯ್ತು ಮೇಡಂ. ಇನ್ನೊಂದ್ಸಲ ಹೀಗಾಗಲ್ಲ.”

ಮತ್ತೆ ಬಟ್ಟೆ ಮಡಚತೊಡಗಿತು.