ಎರಡು ತಿಂಗಳು ಮುಚ್ಚಿದ ಕಡಲು

“ಗೇಟು ಹಿಡ್ಕೊಂಡೇ ನಿಂತಿದೀರಲ್ಲ, ಅದೇನು ಓಡಿಹೋಗುತ್ತಾ? ಒಳಗೆ ಬನ್ನಿ ಯಜಮಾನ್ರೇ,” ಎಂದಳು ಪ್ರಯೋಗಾಲಯದ ಹಳೆಯ ಸಹಾಯಕಿ.

ದೋಣಿಯವನು ಕದಲಲಿಲ್ಲ. ಒಳಗೆ ಮಲಗಿಸಿದ್ದುದು ಅವನ ತಂಗಿಯ ಗಂಡನ ಶವವನ್ನು. ಇಬ್ಬರೂ ಮಾತು ಬಿಟ್ಟು ಮೂವತ್ತು ವರ್ಷ.

“ನಾನು ತಂಗಿ ಮುಖ ನೋಡೋಕೆ ಬಂದೆ. ಆ ಸೊಳ್ಳೆಪರದೇದಲ್ಲ.”

ಅದು ಬಂದರಿನವರು ಇಟ್ಟ ಹೆಸರು. ಸತ್ತವನು ಕಡಲ ವಿಜ್ಞಾನಿ, ಬದುಕಿಡೀ ಸೊಳ್ಳೆಪರದೆಯಷ್ಟು ನವಿರಾದ ಬಲೆ ಎಳೆದವನು. ಇಡೀ ಕಡಲು ಸುತ್ತಿ ಒಂದು ಚಮಚ ಲೋಳೆ ತಂದ ಅಂತ ಮೀನುಗಾರರು ನಗುತ್ತಿದ್ದರು.

* * *

ದೂರದ ದ್ವೀಪದಲ್ಲಿ ಅಣುಬಾಂಬು ಸಿಡಿಸಿ ನೋಡಿದ ವರ್ಷ ಮಾತ್ರ ಯಾರೂ ನಗಲಿಲ್ಲ. ವಿಕಿರಣದ ದೂಳು ಮಳೆಯೊಂದಿಗೆ ಕಡಲಿಗಿಳಿದಿದೆಯೋ ಎಂಬ ಭಯ. ಅವನು ನೀರಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲಾಂಕ್ಟನ್ ಹಿಡಿದು, ಒಣಗಿಸಿ, ಸುಟ್ಟು, ಆ ಬೂದಿಯನ್ನು ವಿಕಿರಣ ಎಣಿಸುವ ಯಂತ್ರಕ್ಕಿಟ್ಟ. ಖಾಲಿ ತಟ್ಟೆಗಿಂತ ಮೂರು ಪಟ್ಟು ಟಕಟಕ! ಪ್ಲಾಂಕ್ಟನ್ ತಿನ್ನುವುದು ಮೀನು, ಮೀನು ತಿನ್ನುವುದು ಜನ. ಬಂದರು ಮುಚ್ಚಿತು.

ಎರಡು ತಿಂಗಳ ಮೇಲೆ ಅವನೇ ಓಡಿಬಂದ. “ಕಡಲು ಚೆನ್ನಾಗೇ ಇದೆ. ತಪ್ಪು ನಂದು.” ಅಷ್ಟರಲ್ಲಿ ಹೆಂಡತಿಯ ಅಣ್ಣನ ದೋಣಿ ಮಾರಾಟವಾಗಿತ್ತು.

* * *

ತಂಗಿಯೇ ಗೇಟಿಗೆ ಬಂದಳು.

“ಏನು ತಪ್ಪು ಅಂತ ಒಂದ್ಸಲನಾದ್ರೂ ಬಾಯಿಬಿಟ್ನಾ?” ದೋಣಿಯವನು ಕೇಳಿದ. “ಕೂದಲು ಸೀಳಿ ನೋಡೋನು! ಯಾರದೋ ಮಾತು ಕೇಳಿ ನನ್ನ ಹೊಟ್ಟೆ ಮೇಲೆ ಹೊಡೆದ.”

“ಇವತ್ತಾದ್ರೂ ಹೇಳಿಬಿಡಮ್ಮ,” ಎಂದಳು ಸಹಾಯಕಿ.

“ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು.”

“ಹಾಕಿಸ್ಕೊಂಡವರೇ ಹೊರಟ್ರಲ್ಲ!”

ತಂಗಿ ಕಣ್ಣೊರೆಸಿಕೊಂಡಳು. “ಮದುವೇಲಿ ನೀನು ಕೊಟ್ಟ ವಾಚು ಅಣ್ಣ, ಕತ್ತಲಲ್ಲಿ ಹೊಳಿಯೋದು. ಬೆಳಗ್ಗೆ ಖಾಲಿ ತಟ್ಟೆ ಎಣಿಸೋಕಿಟ್ಟು, ವಾಚು ಕಟ್ಕೊಂಡೇ ಕಡಲಿಗೆ ಹೋಗೋರು. ಬಂದು, ಕೈ ತೊಳಿಯೋಕೆ ಬಿಚ್ಚಿ ಯಂತ್ರದ ಪಕ್ಕ ಇಟ್ಟು, ಆಮೇಲೆ ಬೂದಿ ಎಣಿಸೋರು. ಯಂತ್ರ ಎಣಿಸಿದ್ದು ಅದರ ಮುಳ್ಳಿಗೆ ಬಳಿದಿದ್ದ ರೇಡಿಯಂನ ವಿಕಿರಣಾನ. ವಾಚು ರಿಪೇರಿಗೆ ಹೋದ ದಿನ ಎಣಿಕೆ ಇಳಿದಾಗ ಗೊತ್ತಾಯ್ತು.”

ದೋಣಿಯವನು ಗೇಟು ಬಿಟ್ಟ.

“ನಂಗ್ಯಾಕೆ ಹೇಳ್ಲಿಲ್ಲ?”

“‘ಪ್ರೀತಿಯಿಂದ ಕೊಟ್ಟಿದ್ದೇ ಅವನ ದೋಣಿ ನುಂಗ್ತು ಅಂತ ಯಾವ ಬಾಯಲ್ಲಿ ಹೇಳಲಿ? ನನ್ನನ್ನೇ ಬೈಕೊಂಡಿರಲಿ ಬಿಡು’ ಅಂದ್ರು.”

ಅಂಗಳದಲ್ಲಿ ಶವಪೆಟ್ಟಿಗೆ ಎತ್ತುವ ಹೊತ್ತಾಗಿತ್ತು. ಪ್ರಯೋಗಾಲಯದ ಮೂವರು, ಎಲ್ಲರೂ ಉದ್ದನೆಯವರು, ನಾಲ್ಕನೆಯವನಿಗಾಗಿ ಅತ್ತಿತ್ತ ನೋಡುತ್ತಿದ್ದರು. ದೋಣಿಯವನು ಗೇಟು ದಾಟಿ ಬಂದ.

“ಈ ಮೂಲೆ ನಂಗಿರಲಿ.”

ಕುಳ್ಳ ದೋಣಿಯವನ ಹೆಗಲಿಗೇರುತ್ತಲೇ ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಉಳಿದ ಮೂವರೂ ಮೊಣಕಾಲು ಬಗ್ಗಿಸಿ, ಅವನಷ್ಟೇ ಎತ್ತರವಾಗಿ, ಹಾಗೆಯೇ ನಡೆಯತೊಡಗಿದರು.